ಒಡವೆಯ ಬೆನ್ನಿನ ಮೇಲೆ ಯಾರ ಹೆಸರು?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಎರಡು ವಾರದ ಹಿಂದೆ ಅಮೆರಿಕ ಪ್ರವಾಸದ ಲೇಖನವೊಂದು ಬಂದಿತ್ತು. ಅದರ ಜೊತೆಗೆ ಬೆಳ್ಳಿಯ ದೊಡ್ಡ ಹಾರದ ಚಿತ್ರ, ಕೆಳಗೆ ‘ರೆಡ್ ಇಂಡಿಯನ್ನರ ಹಾರ’ ಎಂಬ ಅಡಿಬರಹ. ಕೊನೆಯಲ್ಲಿ ಕೊಳ್ಳುವವರಿಗೆ ಒಂದು ಕಿವಿಮಾತು: ಹಾಲ್‌ಮಾರ್ಕ್ ಇದ್ದರೆ ಅಸಲಿ, ಧೈರ್ಯವಾಗಿ ಕೊಳ್ಳಬಹುದು. ಆ ಒಂದು ಮಾತನ್ನು ನಂಬಿ ನಿಮ್ಮ ಓದುಗರು ಮೋಸಹೋಗಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ನಾನು ಅಕ್ಕಸಾಲಿಗರ ಮನೆಯ ಮಗಳು. ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯ ಒಂದು ತುದಿಯಲ್ಲೇ ತಂದೆಯವರ ಕುಲುಮೆ ಇತ್ತು. ಊದುಕೊಳವೆ, ಮೂಸೆ, ಬಿಳಿಗಾರ, ಅಡಿಗಲ್ಲು ಇವು ನನಗೆ ಪಾಟಿ ಬಳಪಕ್ಕಿಂತ ಮೊದಲೇ ಪರಿಚಯವಾದ ವಸ್ತುಗಳು. ಮುಂದೆ ನಾನು ಶಿಕ್ಷಕಿಯಾದೆ, ಆ ಕೆಲಸ ನನ್ನ ಕೈಗೆ ಬರಲಿಲ್ಲ. ಆದರೆ ಬೆಳ್ಳಿ ಕಂಡರೆ ತಿರುಗಿಸಿ ಹಿಂಭಾಗ ನೋಡುವ ಅಭ್ಯಾಸ ಮಾತ್ರ ಉಳಿಯಿತು. ಬೆಸುಗೆ ಹೇಗಿದೆ, ಅರ ಹೇಗೆ ಆಡಿದೆ ಎಂಬುದು ಮುಂಭಾಗದಲ್ಲಿ ತಿಳಿಯುವುದಿಲ್ಲ, ಒಡವೆಯ ಬೆನ್ನು ಸುಳ್ಳು ಹೇಳುವುದಿಲ್ಲ ಎಂದು ತಂದೆಯವರು ಹೇಳುತ್ತಿದ್ದರು. ಮಗ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಯಲ್ಲಿ ಆರು ತಿಂಗಳಿದ್ದು ಈಚೆಗೆ ಊರಿಗೆ ಮರಳಿದ್ದೇನೆ.

ಮೊದಲು ಹೆಸರಿನ ವಿಷಯ. ಚಿತ್ರದಲ್ಲಿದ್ದ ಹಾರ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರದು. ಅವರು ತಮ್ಮನ್ನು ಕರೆದುಕೊಳ್ಳುವುದು ‘ದಿನೆ’ ಎಂದು, ಅಂದರೆ ಜನ. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಮೂರು ರಾಜ್ಯಗಳಲ್ಲಿ ಹಬ್ಬಿರುವ ಅವರ ಸೀಮೆ ಸುಮಾರು 70,000 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ವಿಂಡೋ ರಾಕ್ ಎಂಬ ಊರಿನಲ್ಲಿ ಅವರದೇ ಸರ್ಕಾರ ಇದೆ. ಅಷ್ಟು ದೊಡ್ಡ ಜನಸಮುದಾಯವನ್ನು ‘ರೆಡ್ ಇಂಡಿಯನ್’ ಎಂದು ಚರ್ಮದ ಬಣ್ಣದಿಂದ ಕರೆಯುವುದನ್ನು ನಮ್ಮ ಪತ್ರಿಕೆಗಳು ಇನ್ನಾದರೂ ನಿಲ್ಲಿಸಬೇಕು. ಆ ಹಾರವನ್ನು ಇಂಗ್ಲಿಷಿನವರು ಕುಂಬಳ ಹೂವಿನ ಹಾರ ಎನ್ನುತ್ತಾರೆ. ಕೆಳಗೆ ತೂಗುವ ಅರ್ಧಚಂದ್ರಕ್ಕೆ ‘ನಾಜಾ’ ಎಂದು ಹೆಸರು. ಸ್ಪೇನಿನವರ ಕುದುರೆಗಳ ಹಣೆಯ ಮೇಲೆ, ಅದಕ್ಕೂ ಹಿಂದೆ ಉತ್ತರ ಆಫ್ರಿಕದ ‘ಮೂರ್’ ಎಂಬ ಮುಸ್ಲಿಮರ ಕುದುರೆಗಳ ಲಗಾಮಿನಲ್ಲಿ ತೂಗುತ್ತಿದ್ದ ಆಕಾರ ಅದು. ನವಾಹೊ ಕೈಗೆ ಬಂದು ಹೆಂಗಸರ ಎದೆಯ ಮೇಲೆ ಕುಳಿತಿತು.

ಅವರ ಭಾಷೆಯಲ್ಲಿ ಬೆಳ್ಳಿಗೆ ‘ಬೇಶ್ ಲಿಗೈ’ ಎನ್ನುತ್ತಾರೆ. ಬೇಶ್ ಎಂದರೆ ಲೋಹ, ಲಿಗೈ ಎಂದರೆ ಬಿಳಿಯದು. ಇದು ತಿಳಿದ ದಿನ ನಾನು ಮಗನ ಮುಂದೆ ಮಗುವಿನ ಹಾಗೆ ಸಂಭ್ರಮಿಸಿದೆ. ನಮ್ಮ ‘ಬೆಳ್ಳಿ’ಯೂ ‘ಬೆಳ್’ ಎಂಬ ಬಿಳುಪಿನಿಂದಲೇ ಹುಟ್ಟಿದ ಮಾತಲ್ಲವೇ? ಬೆಳ್ಳಕ್ಕಿ, ಬೆಳ್ಮುಗಿಲು, ಬೆಳ್ಳಿ. ಒಬ್ಬರನ್ನೊಬ್ಬರು ಕಾಣದ ಎರಡು ಭಾಷೆಗಳು ಒಂದೇ ಲೋಹವನ್ನು ಒಂದೇ ಕಣ್ಣಿನಿಂದ ನೋಡಿ ಹೆಸರಿಟ್ಟಿವೆ. ಅಲ್ಲಿ ಕಮ್ಮಾರನಿಗೆ ‘ಅತ್ಸಿದಿ’ ಎನ್ನುತ್ತಾರೆ, ಬಡಿಯುವವನು ಎಂದು ಅರ್ಥ. ನವಾಹೊಗಳಲ್ಲಿ ಮೊದಲು ಲೋಹದ ಕೆಲಸ ಕಲಿತವನು ಎಂದು ಅವರು ನೆನೆಯುವ ವ್ಯಕ್ತಿಯ ಹೆಸರೇ ಅತ್ಸಿದಿ ಸಾನಿ, ಮುದಿ ಕಮ್ಮಾರ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಒಬ್ಬ ಮೆಕ್ಸಿಕನ್ ಕುಶಲಕರ್ಮಿಯಿಂದ ಅವನು ಮೊದಲು ಕಬ್ಬಿಣದ ಕೆಲಸ ಕಲಿತ. ಬೆಳ್ಳಿ ಬಂದದ್ದು ಆಮೇಲೆ.

ನಡುವೆ ಅವರ ಮೇಲೆ ದೊಡ್ಡ ಸಂಕಟ ಎರಗಿತು. 1864ರಲ್ಲಿ ಅಮೆರಿಕದ ಸೈನ್ಯ ಸಾವಿರಾರು ನವಾಹೊಗಳನ್ನು ಅವರ ನೆಲದಿಂದ ಎಬ್ಬಿಸಿ, ನೂರಾರು ಮೈಲಿ ನಡೆಸಿ, ಪೂರ್ವದ ಬಯಲಿನ ಬೋಸ್ಕೆ ರೆಡೊಂಡೊದಲ್ಲಿ ಕೂಡಿಹಾಕಿತು. ಹಸಿವು, ರೋಗ, ಉಪ್ಪು ನೀರು. ಅಲ್ಲಿ ಪಡಿತರಕ್ಕೆಂದು ಕೊಡುತ್ತಿದ್ದ ಲೋಹದ ಬಿಲ್ಲೆಗಳ ಹಾಗೆಯೇ ನವಾಹೊ ಕಮ್ಮಾರರು ತಾವೂ ಬಿಲ್ಲೆಗಳನ್ನು ಮಾಡಿ ಮಕ್ಕಳ ಹೊಟ್ಟೆ ತುಂಬಿಸಿದರಂತೆ. 1868ರ ಒಪ್ಪಂದದ ನಂತರ ಅವರು ಮರಳಿ ತಮ್ಮ ನೆಲಕ್ಕೆ ಬಂದರು. ಬೆಳ್ಳಿಯ ಕೆಲಸ ಬೆಳೆದದ್ದು ಆಮೇಲಿನ ದಶಕಗಳಲ್ಲಿ. ಬೆಳ್ಳಿ ಎಲ್ಲಿಂದ? ನಾಣ್ಯಗಳಿಂದ. ಅಮೆರಿಕದ ಡಾಲರ್, ಆಮೇಲೆ ಮೆಕ್ಸಿಕೊದ ಪೆಸೊ. ನಾಣ್ಯವನ್ನು ಮೂಸೆಯಲ್ಲಿ ಕರಗಿಸಿ, ಗಟ್ಟಿ ಮಾಡಿ, ಬಡಿದು ತಗಡು ಮಾಡುತ್ತಿದ್ದರು. ರೈಲು ಹಳಿಯ ತುಂಡೇ ಅಡಿಗಲ್ಲು. ಸವೆದ ಅರ, ಮುರಿದ ಉಳಿ, ಇಂಥ ಗುಜರಿ ಉಕ್ಕಿನಿಂದಲೇ ಅಚ್ಚುಗಳನ್ನು ತಾವೇ ಕೊರೆದುಕೊಳ್ಳುತ್ತಿದ್ದರು. ನಮ್ಮ ತಂದೆಯವರ ಹತ್ತಿರವೂ ಹೀಗೆ ಹಳೆಯ ಅರದಿಂದ ಮಾಡಿದ ಹನ್ನೆರಡು ಅಚ್ಚುಗಳಿದ್ದವು. ಗೋಧಿ ಕಾಳಿನಂಥದು ಒಂದು, ಕಣ್ಣಿನಂಥದು ಒಂದು. ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು.

ಆ ಕಾಲದ ನವಾಹೊ ಒಡವೆಗಳ ಮೇಲೆ ಯಾವ ಹೆಸರೂ ಇಲ್ಲ. ಬೇಕಾಗಿರಲಿಲ್ಲ. ಮಾಡುವವನೂ ತೊಡುವವನೂ ಒಂದೇ ಕಣಿವೆಯವರು, ಬಿಲ್ಲೆಗಳ ಡಾಬು ಯಾರ ಕೈಕೆಲಸವೆಂದು ಎಲ್ಲರಿಗೂ ಗೊತ್ತು. ಒಡವೆ ಊರು ಬಿಟ್ಟು ಹೋಗಲು ಶುರುವಾದ ಮೇಲೆ ಹೆಸರು ಕಳೆದುಹೋಯಿತು. ರೈಲು ಬಂತು, ಪ್ರವಾಸಿಗಳು ಬಂದರು. 1899ರಿಂದ ಫ್ರೆಡ್ ಹಾರ್ವಿ ಕಂಪನಿ ಪ್ರವಾಸಿಗಳಿಗೆಂದೇ ಹಗುರವಾದ ಒಡವೆಗಳನ್ನು ಮಾಡಿಸತೊಡಗಿತು. ಬಾಣ, ಗುಡುಗು ಹಕ್ಕಿಯ ಚಿತ್ರಗಳು ಆಗ ಹೆಚ್ಚಾದವು. ಹಿಂದೆಯೇ ಕಾರ್ಖಾನೆಯ ಯಂತ್ರದಲ್ಲಿ ಒತ್ತಿದ ನಕಲುಗಳೂ ಬಂದವು. 1935ರಲ್ಲಿ ಅಮೆರಿಕ ಸರ್ಕಾರ ಮೂಲನಿವಾಸಿಗಳ ಕಲೆಗೆಂದು ಒಂದು ಮಂಡಳಿಯನ್ನೇ ರಚಿಸಿತು. ಕೆಲವೇ ವರ್ಷಗಳಲ್ಲಿ ಅದು ‘ಯು.ಎಸ್. ನವಾಹೊ’ ಎಂದು ಬರೆದು ಪಕ್ಕದಲ್ಲಿ ಒಂದು ಅಂಕಿ ಇರುವ ಮುದ್ರೆ ಹಾಕಿಸತೊಡಗಿತು. ಕೈಯಲ್ಲಿ ಬಡಿದ ಬೆಳ್ಳಿಗೆ ಮಾತ್ರ ಆ ಮುದ್ರೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಅಂಕಿ ಮಾಡಿದವನದಲ್ಲ, ಅವನ ಮಾಲನ್ನು ತಂದ ವ್ಯಾಪಾರಿಯದು ಅಥವಾ ಶಾಲೆಯದು. ಸರ್ಕಾರ ಒಳ್ಳೆಯ ಮನಸ್ಸಿನಿಂದಲೇ ಮಾಡಿತು. ಆದರೂ ಬಡಿದವನ ಹೆಸರು ಅಲ್ಲಿಯೂ ಬರಲಿಲ್ಲ.

ಅದು ಬಂದ ಬಗೆಯನ್ನು ತಿಳಿಯಬೇಕಾದರೆ ಒಬ್ಬ ಕೆಲಸಗಾರನ ಬದುಕನ್ನು ನೋಡಬೇಕು. ನಾನು ಕೆನೆತ್ ಬೆಗೇ ಅವರನ್ನು ಆರಿಸಿಕೊಳ್ಳುತ್ತೇನೆ. 1913ರಲ್ಲಿ ಅರಿಜೋನಾದ ಸ್ಟೀಮ್‌ಬೋಟ್ ಎಂಬ ಕಡೆ ಹುಟ್ಟಿದವರು. ಗ್ಯಾಲಪ್ ಊರಿನ ಬಳಿ ಹಳೆಯ ಸೈನ್ಯದ ಕೋಟೆಯಲ್ಲಿದ್ದ ಫೋರ್ಟ್ ವಿಂಗೇಟ್ ವಸತಿ ಶಾಲೆಯಲ್ಲಿ ಓದಿದರು. ಅಂಥ ಶಾಲೆಗಳು ಮಕ್ಕಳಿಂದ ಅವರ ಮಾತನ್ನೂ ಜುಟ್ಟನ್ನೂ ಕಿತ್ತುಕೊಂಡ ಶಾಲೆಗಳು. ಆದರೆ 1930ರ ದಶಕದಲ್ಲಿ ಅಲ್ಲಿ ಬೆಳ್ಳಿಯ ಕೆಲಸ ಕಲಿಸಲು ಫ್ರೆಡ್ ಪೆಶ್ಲಕೈ ಎಂಬ ನವಾಹೊ ಗುರು ಇದ್ದರು. ಪೆಶ್ಲಕೈ ಎಂದರೆ ಅದೇ ಬೇಶ್ ಲಿಗೈ, ಅವರ ಮನೆತನದ ಹೆಸರೇ ಬೆಳ್ಳಿ! ಅವರ ತಂದೆ ‘ಸಪೂರ ಬೆಳ್ಳಿಗಾರ’ ಎಂದು ಹೆಸರಾದವರು, ಅತ್ಸಿದಿ ಸಾನಿಯ ತಮ್ಮ ಎಂದು ಹೇಳುತ್ತಾರೆ. ಹೀಗೆ ಮೊದಲ ಕಮ್ಮಾರನಿಂದ ತಮ್ಮನಿಗೆ, ತಮ್ಮನಿಂದ ಮಗನಿಗೆ, ಮಗನಿಂದ ಈ ಹುಡುಗನಿಗೆ ಕೆಲಸ ಇಳಿದು ಬಂತು. ನಮ್ಮಲ್ಲಿ ಸಂಗೀತಗಾರರ ಗುರುಪರಂಪರೆಯನ್ನು ಎಷ್ಟು ಭಕ್ತಿಯಿಂದ ಹೇಳುತ್ತೇವೆ. ಅಕ್ಕಸಾಲಿಗನ ಗುರು ಯಾರು ಎಂದು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ.

1946ರಲ್ಲಿ ಬೆಗೇ ಫ್ಲ್ಯಾಗ್‌ಸ್ಟಾಫ್ ಊರಿನ ‘ವೈಟ್ ಹೋಗನ್’ ಎಂಬ ಅಂಗಡಿಗೆ ಕೆಲಸಕ್ಕೆ ಸೇರಿದರು. ಹೋಗನ್ ಎಂದರೆ ಪೂರ್ವಕ್ಕೆ ಬಾಗಿಲಿರುವ ನವಾಹೊ ಮನೆ. ಮುಂದೆ ಅಂಗಡಿ ಸ್ಕಾಟ್ಸ್‌ಡೇಲ್‌ಗೆ ಹೋಯಿತು, ಅವರೂ ಹೋದರು. ಪ್ರವಾಸಿಗೆ ಬೇಕಾದ ಬಾಣ, ಹಕ್ಕಿಗಳನ್ನು ಅವರು ಬಿಟ್ಟುಬಿಟ್ಟರು. ದಪ್ಪ ಬೆಳ್ಳಿ, ಖಾಲಿ ಬಯಲು, ಅಂಚಿನಲ್ಲಿ ಮಾತ್ರ ಒತ್ತೊತ್ತಾಗಿ ಅಚ್ಚಿನ ಗೆರೆ. ಬೆಳ್ಳಿಯ ಜೊತೆ ಮರುಭೂಮಿಯ ಐರನ್‌ವುಡ್ ಎಂಬ ಕಡುಕಂದು ಗಟ್ಟಿ ಮರವನ್ನು ಕೂಡಿಸಿದರು. ಕಡಗ, ಡಾಬುಗಳಲ್ಲದೆ ಚಮಚ, ಬಟ್ಟಲು, ಹೂಜಿಗಳನ್ನೂ ಮಾಡಿದರು. ಅವರನ್ನು ಆಧುನಿಕ ನವಾಹೊ ಆಭರಣದ ತಂದೆ ಎಂದೇ ಕರೆಯುತ್ತಾರೆ. ಫೀನಿಕ್ಸ್ ನಗರದ ಹರ್ಡ್ ವಸ್ತುಸಂಗ್ರಹಾಲಯದಲ್ಲಿ ಅವರ ಕೆಲಸದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಗಾಜಿನೊಳಗೆ ಮುಂಭಾಗ ಮಾತ್ರ ಕಾಣುತ್ತದೆ. ಕಾವಲಿನವರನ್ನು ಕೇಳಿ ತಿರುಗಿಸಿ ನೋಡೋಣವೆನ್ನುವಷ್ಟು ಆಸೆಯಾಯಿತು.

ಏಕೆಂದರೆ ಬೆನ್ನಿನಲ್ಲಿ ಇರುವುದು ಇದು: ಪುಟ್ಟ ಹೋಗನ್ ಮನೆಯ ಗುರುತು, ಅದರ ಪಕ್ಕದಲ್ಲಿ ‘ಕೆ.ಬಿ.’ ಎಂಬ ಇಂಗ್ಲಿಷ್ ಅಕ್ಷರಗಳು, ‘ಸ್ಟರ್ಲಿಂಗ್’ ಎಂಬ ಪದ. ಮನೆಯ ಗುರುತು ಅಂಗಡಿಯದು. ಅಕ್ಷರಗಳು ಮಾಡಿದವನವು. ಅದೇ ಅಂಗಡಿಯಲ್ಲಿ ಕೂತು ಕೆಲಸ ಮಾಡುತ್ತಿದ್ದ ಆಲನ್ ಕೀ ಅವರ ಒಡವೆಯಲ್ಲಿ ಅದೇ ಮನೆ, ಆದರೆ ಅಕ್ಷರ ‘ಎ.ಕೆ.’ ಅಂಗಡಿಯವನ ಮಾನಕ್ಕೂ ಕುಂದಿಲ್ಲ, ಕೆಲಸಗಾರನ ಹೆಸರೂ ಅಳಿಯಲಿಲ್ಲ. ಎರಡೂ ಪಕ್ಕಪಕ್ಕದಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಕೂತಿವೆ. ಸಂಪಾದಕರೇ, ಇಷ್ಟನ್ನು ಹೇಳಲಿಕ್ಕಾಗಿಯೇ ನಾನು ಈ ಪತ್ರ ಬರೆಯುತ್ತಿರುವುದು.

ಕೊನೆಯ ವರ್ಷಗಳಲ್ಲಿ ಬೆಗೇ ಗುರುವಾದರು. 1968ರಲ್ಲಿ ನವಾಹೊ ಜನ ತಮ್ಮದೇ ಕಾಲೇಜನ್ನು ತೆರೆದರು. ಅಮೆರಿಕದಲ್ಲಿ ಒಂದು ಬುಡಕಟ್ಟು ತಾನೇ ಸ್ಥಾಪಿಸಿದ ಮೊದಲ ಕಾಲೇಜು ಅದು. ಅಲ್ಲಿ ಬೆಗೇ 1973ರವರೆಗೆ ಬೆಳ್ಳಿಯ ಕೆಲಸ ಕಲಿಸಿದರು. 1977ರಲ್ಲಿ ತೀರಿಕೊಂಡರು. ಮಗ ಹಾರ್ವಿ ಬೆಗೇ ಕೂಡ ಹೆಸರಾಂತ ಆಭರಣಕಾರರಾದರು.

ಈಗ ಹಾಲ್‌ಮಾರ್ಕ್‌ನ ಮಾತು. ಲೇಖಕರು ಎಡವಿದ್ದು ಇಲ್ಲಿ. ನಾನೂ ಮೊದಲು ಎಡವಿದ್ದು ಇಲ್ಲಿಯೇ. ಲಂಡನ್ನಿನ ಅಕ್ಕಸಾಲಿಗರ ಸಂಘಕ್ಕೆ ಒಂದು ಸಭಾಭವನವಿತ್ತು. ಮಾಲನ್ನು ಆ ‘ಹಾಲ್’ಗೆ ತಂದು ಒರೆ ಹಚ್ಚಿಸಿ ಮುದ್ರೆ ಹಾಕಿಸಬೇಕಿತ್ತು, ಅದರಿಂದ ‘ಹಾಲ್‌ಮಾರ್ಕ್’ ಎಂಬ ಹೆಸರು. ನಮ್ಮ ಸರ್ಕಾರದ ಮಾನಕ ಸಂಸ್ಥೆಯಾದ ಬಿಐಎಸ್‌ನ ಮುದ್ರೆಯೂ ಆ ವಂಶದ್ದೇ. ಮೂರನೆಯವನೊಬ್ಬ ಪರೀಕ್ಷೆ ಮಾಡಿ ‘ಇಷ್ಟು ಶುದ್ಧ’ ಎಂದು ಹೇಳುತ್ತಾನೆ. ಅಮೆರಿಕದಲ್ಲಿ ಅಂಥ ಸರ್ಕಾರಿ ಪರೀಕ್ಷೆಯ ವ್ಯವಸ್ಥೆ ಇಲ್ಲ. ‘ಸ್ಟರ್ಲಿಂಗ್’ ಎಂದು ಒತ್ತುವವನು, ಅಂದರೆ ನೂರಕ್ಕೆ 92.5 ಭಾಗ ಬೆಳ್ಳಿ ಎನ್ನುವವನು, ತನ್ನ ಗುರುತನ್ನೂ ಪಕ್ಕದಲ್ಲಿ ಒತ್ತಿ ತಾನೇ ಹೊಣೆ ಹೊರಬೇಕು. 1961ರಿಂದ ಅಲ್ಲಿನ ಕಾನೂನು ಹಾಗೆ ಹೇಳುತ್ತದೆ. ಆದ್ದರಿಂದ ನವಾಹೊ ಒಡವೆಯ ಬಗ್ಗೆ ‘ಹಾಲ್‌ಮಾರ್ಕ್’ ಎಂದಾಗ ಅವರು ಹೇಳುವುದು ಮಾಡಿದವನ ಸಹಿಯನ್ನು. ನಮ್ಮ ಮುದ್ರೆ ‘ಏನು’ ಎಂದು ಹೇಳುತ್ತದೆ, ಅವರದು ‘ಯಾರು’ ಎಂದು ಹೇಳುತ್ತದೆ. ಒಂದನ್ನು ಇನ್ನೊಂದೆಂದು ತಿಳಿದು ಕೊಂಡರೆ ಮೋಸಹೋಗುವುದು ಖಂಡಿತ.

ನನಗೆ ಆದದ್ದನ್ನೇ ಹೇಳುತ್ತೇನೆ. ನಾನು ಹೋದ ಎರಡನೆಯ ವಾರದಲ್ಲಿ ಮಗ ಒಂದು ಅಂಗಡಿಯಿಂದ ಫಿರೋಜಾ ಹರಳಿನ ಕಡಗ ತಂದುಕೊಟ್ಟ. ಅಂಗಡಿಯ ಹೆಸರು ಬೇಡ. ಒಳಗೆ ‘ಸ್ಟರ್ಲಿಂಗ್’ ಎಂದೂ ಎರಡು ಅಕ್ಷರಗಳೂ ಇದ್ದವು. ಅಪ್ಪಟ ನವಾಹೊ ಎಂದು ಅಂಗಡಿಯವರು ಹೇಳಿದ್ದರು. ಮರುವಾರ ಸಾಂತಾ ಫೆಗೆ ಹೋದೆವು. ಅಲ್ಲಿ ಹಳೆಯ ಗವರ್ನರ್ ಅರಮನೆಯ ಮುಂದಿನ ಉದ್ದ ಜಗಲಿಯಲ್ಲಿ ಮೂಲನಿವಾಸಿ ಕುಶಲಕರ್ಮಿಗಳು ಗೋಡೆಗೆ ಒರಗಿ ಕುಳಿತು, ಬಟ್ಟೆ ಹಾಸಿ, ತಮ್ಮ ಮನೆಯವರ ಕೈಯಿಂದಲೇ ಆದ ಒಡವೆಗಳನ್ನು ಮಾರುತ್ತಾರೆ. ಪ್ರತಿಯೊಂದರ ಮೇಲೂ ಮಾಡಿದವರ ಗುರುತು ಇರಲೇಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ನನ್ನ ವಯಸ್ಸಿನವರೇ ಆದ ಒಬ್ಬ ನವಾಹೊ ಹೆಂಗಸಿನ ಮುಂದೆ ಕುಳಿತೆ. ಮಂಡಿ ನೋವು ಇದ್ದರೂ ನೆಲದ ಮೇಲೆಯೇ ಕುಳಿತೆ, ನಮ್ಮ ಮನೆಯ ಜಗಲಿಯ ಹಾಗೆಯೇ ಇತ್ತು. ಅವರ ಉಂಗುರವೊಂದನ್ನು ತಿರುಗಿಸಿ ಬೆಸುಗೆ ನೋಡಿದೆ. ಅವರು ನಕ್ಕು, ನನ್ನ ಕೈಯ ಕಡಗವನ್ನು ತೋರಿಸಿ ಎಂದರು. ಒಳಭಾಗದ ಮೇಲೆ ಹೆಬ್ಬೆರಳನ್ನು ಎರಡು ಸಲ ಆಡಿಸಿದರು. ಇದು ಯಾರ ಕೆಲಸವೆಂದು ತಾನು ಹೇಳಲಾರೆ ಎಂದಷ್ಟೇ ಅಂದರು. ಆಮೇಲೆ ತಮ್ಮ ಉಂಗುರದ ಗುರುತಿನ ಮೇಲೆ ನನ್ನ ಬೆರಳನ್ನು ಇಡಿಸಿದರು. ಅಕ್ಷರದ ಅಂಚು ಉಗುರಿಗೆ ತಾಕುತ್ತಿತ್ತು, ಚೂಪಾಗಿ. ನನ್ನ ಕಡಗದ ಅಕ್ಷರ ಸೋಪಿನ ಮೇಲೆ ಕೊರೆದಂತೆ ಮೆತ್ತಗಿತ್ತು.

ಅಕ್ಕಸಾಲಿಗನ ಮಗಳಿಗೆ ಅಷ್ಟು ಸಾಕಾಯಿತು. ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆದರೆ ಬೆಳ್ಳಿ ಕತ್ತರಿಸಿಕೊಂಡು ಇಳಿಯುತ್ತದೆ. ಒಂದು ಒಡವೆಯಿಂದ ಅಚ್ಚು ತೆಗೆದು ನೂರು ಎರಕ ಹೊಯ್ದರೆ ಹೆಸರೂ ಎರಕದಲ್ಲೇ ಬರುತ್ತದೆ, ಮಸುಕಾಗಿ. ನನ್ನ ಕಡಗದಲ್ಲಿ ಯಾರದೋ ಸಹಿಯನ್ನೂ ಸೇರಿಸಿ ಎರಕ ಹೊಯ್ದಿದ್ದರು. ಅಂಗಡಿ ಹಣ ಹಿಂದಿರುಗಿಸಲಿಲ್ಲ. ಹಣ ಹೋದದ್ದಕ್ಕಿಂತ, ಆ ಎರಡು ಅಕ್ಷರದ ಯಜಮಾನ ಯಾರೋ, ಬದುಕಿದ್ದಾನೋ ಇಲ್ಲವೋ, ಅವನ ಹೆಸರನ್ನು ನಾನು ಕೈಯಲ್ಲಿ ಕಳ್ಳಮಾಲಿನಂತೆ ತೊಟ್ಟುಕೊಂಡು ತಿರುಗಿದೆನಲ್ಲ ಎಂಬುದು ನನ್ನನ್ನು ಬಾಧಿಸಿತು.

ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರುವುದು ಅಲ್ಲಿ ಅಪರಾಧ. 1990ರ ಕಾನೂನಿನ ಪ್ರಕಾರ ಮೊದಲ ತಪ್ಪಿಗೇ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಸೆರೆ ವಿಧಿಸಬಹುದು. ಹೊರದೇಶದಿಂದ ಆ ಶೈಲಿಯ ಒಡವೆ ತಂದರೆ ಅದು ಯಾವ ದೇಶದ್ದೆಂದು ಅಳಿಸಲಾಗದಂತೆ ಲೋಹದಲ್ಲೇ ಒತ್ತಿರಬೇಕು. ಆದರೂ ನಕಲು ನಿಂತಿಲ್ಲ. 2018ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಮಾಡಿಸಿದ ಒಡವೆಗಳನ್ನು ಮೂಲನಿವಾಸಿಗಳದೆಂದು ಮಾರಿದ ಆಲ್ಬುಕರ್ಕಿಯ ಆಭರಣ ವ್ಯಾಪಾರಿಯೊಬ್ಬನಿಗೆ ಆರು ತಿಂಗಳ ಸೆರೆಯಾಯಿತು. ನಕಲು ಮಾಡುವ ಆ ದೂರದ ಕೆಲಸಗಾರನ ಮೇಲೆ ನನಗೆ ಸಿಟ್ಟಿಲ್ಲ. ಅವನ ಹೆಸರೂ ಆ ಒಡವೆಯ ಮೇಲೆ ಇರುವುದಿಲ್ಲ.

ಗುರುತು ಅಸಲಿಯೇ ಆಗಿದ್ದರೂ ಅದನ್ನು ಓದುವುದು ಸುಲಭವಲ್ಲ. ಬೆಗೇ ಎಂಬುದು ನವಾಹೊ ಭಾಷೆಯ ‘ಅವನ ಮಗ’ ಎಂಬ ಮಾತಿನಿಂದ ಬಂದದ್ದು. ಯಾಜಿ ಎಂದರೆ ಚಿಕ್ಕವನು, ತ್ಸೋಸಿ ಎಂದರೆ ಸಪೂರದವನು, ಬೆನಾಲಿ ಎಂದರೆ ಮೊಮ್ಮಗ. ಸರ್ಕಾರಿ ಗುಮಾಸ್ತರು ಬರೆದುಕೊಂಡ ಇಂಥ ಸಂಬಂಧಸೂಚಕಗಳೇ ಮನೆತನದ ಹೆಸರುಗಳಾಗಿ ನಿಂತವು. ಹೀಗಾಗಿ ‘ಬಿ’ ಅಕ್ಷರದಲ್ಲಿ ಮುಗಿಯುವ ಸಹಿ ಎಷ್ಟೋ ಜನರದು. ‘ಕೆ.ಬಿ.’ ಕಂಡ ಮಾತ್ರಕ್ಕೆ ಅದು ಕೆನೆತ್ ಬೆಗೇ ಅವರದೆಂದು ಹೇಳಲಾಗದು. ಪಕ್ಕದಲ್ಲಿ ಹೋಗನ್ ಇದೆಯೇ, ಅಕ್ಷರದ ಕಾಲು ನೇರವೋ ಬಾಗಿದೆಯೋ, ಕೆಲಸದ ರೀತಿ ಅವರದೇ ಹೌದೇ ಎಂದೆಲ್ಲ ನೋಡಬೇಕು. ಗಂಡ ಬೆಳ್ಳಿ ಬಡಿದು ಹೆಂಡತಿ ಹರಳು ಕೂರಿಸಿದ ಮನೆಗಳಲ್ಲಿ ಇಬ್ಬರಿಗೂ ಒಂದೇ ಗುರುತಿರುವುದುಂಟು. ಅಕ್ಷರದ ಬದಲು ಒಂದು ಚಿತ್ರ ಇರುವುದೂ ಉಂಟು. 1941ರಲ್ಲಿ ಆರಂಭವಾದ ನವಾಹೊ ಕುಶಲಕರ್ಮಿಗಳ ಗಿಲ್ಡ್ ಕೊಂಬುಳ್ಳ ಚಂದ್ರನ ಗುರುತನ್ನು ಒತ್ತುತ್ತಿತ್ತು. ಇನ್ನು ಒಡವೆಯ ಕಾಲಕ್ಕೂ ಮುದ್ರೆಗೂ ತಾಳೆಯಾಗಬೇಕು. ನಾಣ್ಯದ ಬೆಳ್ಳಿ ನೂರಕ್ಕೆ 90ರಷ್ಟು ಮಾತ್ರ ಶುದ್ಧ. ಆದ್ದರಿಂದ 1890ರ ಹಳೆಯ ಕಡಗವೆಂದು ಕೊಟ್ಟದ್ದರಲ್ಲಿ ‘ಸ್ಟರ್ಲಿಂಗ್’ ಮುದ್ರೆಯಿದ್ದರೆ ಅದೇ ಅದರ ವಿರುದ್ಧದ ಸಾಕ್ಷಿ. ಗುರುತಿಲ್ಲದ ಹಳೆಯ ಒಡವೆ ಅಸಲಿಯಾಗಿರಬಹುದು, ಗುರುತಿರುವ ಹೊಸದು ನಕಲಿಯಾಗಿರಬಹುದು. ನಿಮ್ಮ ಲೇಖಕರ ಕಿವಿಮಾತು ಅದಕ್ಕೇ ಅಪಾಯಕಾರಿ. ಮಾಡಿದವರು ಯಾರು, ಯಾವ ಬುಡಕಟ್ಟಿನವರು ಎಂದು ಕೇಳಿ, ಅದನ್ನು ರಸೀತಿಯಲ್ಲಿ ಬರೆಸಿಕೊಳ್ಳಿ ಎಂಬುದೇ ನಾನು ಕೊಡಬಲ್ಲ ಸಲಹೆ. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ.

ಇದನ್ನೆಲ್ಲ ತೀರ್ಥಹಳ್ಳಿಯಲ್ಲಿ ಕುಳಿತು ಏಕೆ ಬರೆಯುತ್ತಿದ್ದೇನೆ ಎಂದರೆ, ಹೋದ ವರ್ಷ ಶಿವಮೊಗ್ಗದ ಒಂದು ಮದುವೆಯಲ್ಲಿ ದೂರದ ಸಂಬಂಧಿಯೊಬ್ಬರ ಸೊಂಟದಲ್ಲಿ ಒಂದು ಬೆಳ್ಳಿ ಡಾಬು ಕಂಡೆ. ಕೊಂಡಿಯ ಹತ್ತಿರ ಗೋಧಿ ಕಾಳಿನ ಸಾಲು. ನನ್ನ ಎದೆ ಹೊಡೆದುಕೊಂಡಿತು. ಅವರನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಿಚ್ಚಿಸಿ ತಿರುಗಿಸಿ ನೋಡಿದೆ. ಬೆಸುಗೆ ತಂದೆಯವರದೇ ಹಾಗೆ ಕಂಡಿತು. ಅತ್ತೆಯಿಂದ ಬಂದದ್ದು, ಯಾರು ಮಾಡಿದ್ದೋ ತಿಳಿಯದು ಎಂದರು ಅವರು. ಬೆನ್ನಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ತಂದೆಯವರು ತೀರಿಕೊಂಡು ಮೂವತ್ತು ವರ್ಷ ದಾಟಿದೆ. ಐವತ್ತು ವರ್ಷ ಕುಲುಮೆಯ ಮುಂದೆ ಕುಳಿತ ಮನುಷ್ಯನ ಕೆಲಸವನ್ನು ಅವರ ಸ್ವಂತ ಮಗಳು ಇದು ನನ್ನ ಅಪ್ಪ ಮಾಡಿದ್ದು ಎಂದು ಹೇಳಲಾರದೆ ಮರಳಿ ಕೊಟ್ಟಳು.

ನಮ್ಮ ವ್ಯವಸ್ಥೆಯಲ್ಲಿಯೂ ಗುರುತುಗಳಿವೆ. 2021ರ ಜುಲೈವರೆಗೆ ಚಿನ್ನದ ಹಾಲ್‌ಮಾರ್ಕ್‌ನಲ್ಲಿ ಅಂಗಡಿಯ ಗುರುತು ಇರುತ್ತಿತ್ತು. ಈಗ ಬಿಐಎಸ್ ಲಾಂಛನ, ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಮಾತ್ರ. 2025ರ ಸೆಪ್ಟೆಂಬರ್‌ನಿಂದ ಬೆಳ್ಳಿಗೂ ಆ ಸಂಖ್ಯೆ ಬಂದಿದೆ, ಕಡ್ಡಾಯವಲ್ಲದಿದ್ದರೂ. ಮೊಬೈಲಿನಲ್ಲಿ ಸಂಖ್ಯೆ ಹಾಕಿದರೆ ಅಂಗಡಿ ಯಾವುದು, ಪರೀಕ್ಷೆ ಮಾಡಿದ ಕೇಂದ್ರ ಯಾವುದು ಎಂದು ತಿಳಿಯುತ್ತದೆ. ಗ್ರಾಹಕರಿಗೆ ಇದು ಒಳ್ಳೆಯದು, ನಾನು ಅದನ್ನು ಹಳಿಯುವುದಿಲ್ಲ. ಆದರೆ ಬೆಂಕಿಯ ಮುಂದೆ ಕುಳಿತು ಬೆನ್ನು ಬಾಗಿಸಿದವನ ಹೆಸರಿಗೆ ಅಲ್ಲಿಯೂ ಜಾಗವಿಲ್ಲ. ಬೆಳ್ಳಿ ಅಂಗಡಿಗಳ ಮಾಲೀಕರಲ್ಲಿ ನನ್ನ ಕೇಳಿಕೆ ಇಷ್ಟೇ: ವೈಟ್ ಹೋಗನ್ ಮಾಡಿದ ಹಾಗೆ ಮಾಡಿ. ನಿಮ್ಮ ಗುರುತಿನ ಪಕ್ಕದಲ್ಲಿ ಅಕ್ಕಸಾಲಿಗನ ಎರಡು ಅಕ್ಷರಕ್ಕೆ ಜಾಗ ಬಿಡಿ. ನಿಮ್ಮ ಪತ್ರಿಕೆಗೂ ಒಂದು ಕೇಳಿಕೆ ಇದೆ. ವರಮಹಾಲಕ್ಷ್ಮಿ ಹಬ್ಬದ ಪುರವಣಿಯಲ್ಲಿ ಒಡವೆಯ ಚಿತ್ರ ಹಾಕಿದಾಗ ರೂಪದರ್ಶಿಯ ಹೆಸರು, ಛಾಯಾಗ್ರಾಹಕರ ಹೆಸರು, ಅಂಗಡಿಯ ಹೆಸರು ಹಾಕುತ್ತೀರಿ. ಮಾಡಿದವರ ಹೆಸರನ್ನೂ ಕೇಳಿ ಹಾಕಿ.

ನಮ್ಮ ಮನೆತನದಲ್ಲಿ ಈಗ ಕುಲುಮೆ ಹಚ್ಚುವವನು ಚಿಕ್ಕಪ್ಪನ ಮೊಮ್ಮಗ ಒಬ್ಬನೇ. ಮೊಮ್ಮಗಳಿಗೆ ಕಾಲ್ಗೆಜ್ಜೆ ಮಾಡಿಕೊಡಲು ಹೇಳಿ, ಕೊಂಡಿಯ ಹಿಂದೆ ನಿನ್ನ ಹೆಸರಿನ ಮೊದಲಕ್ಷರ ಇರಲಿ ಎಂದೆ. ಇಂಗ್ಲಿಷಿನಲ್ಲೋ ಎಂದು ಕೇಳಿದ. ಕನ್ನಡದಲ್ಲಿ ಎಂದೆ. ಅವನ ಅಕ್ಷರ ‘ಮ’. ಇಂಗ್ಲಿಷ್ ಅಕ್ಷರವಾದರೆ ನಾಲ್ಕು ನೇರ ಗೆರೆ, ಅರದಲ್ಲಿ ಉಜ್ಜಿದರೆ ಮುಗಿಯಿತು. ನಮ್ಮ ‘ಮ’ದ ದುಂಡು ಸುರುಳಿಗಳನ್ನು ಅಕ್ಕಿಕಾಳಿನಷ್ಟು ಉಕ್ಕಿನ ತುದಿಯಲ್ಲಿ ತರುವುದು ಬೇರೆಯೇ ಕಷ್ಟ. ತಂದೆಯವರ ಹನ್ನೆರಡು ಅಚ್ಚುಗಳಲ್ಲಿ ತುದಿ ಮುರಿದಿದ್ದ ಒಂದನ್ನು ಅವನಿಗೆ ಕೊಟ್ಟೆ. ಎರಡು ಸಂಜೆ ಕುಳಿತು ಕೊರೆದ. ಮೊದಲ ಸಲ ತಗಡಿನ ಮೇಲೆ ಹೊಡೆದಾಗ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಂತು. ಉಕ್ಕಿನ ಮೇಲೆ ಉಲ್ಟಾ ಕೊರೆಯಬೇಕೆಂಬುದು ಅವನಿಗೆ ಹೊಳೆದಿರಲಿಲ್ಲ. ಅವನಿಗೆ ಈವರೆಗೆ ಯಾರೂ ಹೆಸರು ಕೇಳಿರಲಿಲ್ಲವಲ್ಲ. ತುದಿಯನ್ನು ಅರದಲ್ಲಿ ಉಜ್ಜಿ ಸಪಾಟು ಮಾಡಿ, ಮತ್ತೆ ಕೊರೆಯಲು ಕುಳಿತಿದ್ದಾನೆ.

ಇತಿ ನಮಸ್ಕಾರಗಳು,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ
ತೀರ್ಥಹಳ್ಳಿ